ಇಂಟರ್‌ವ್ಯೂಗೆ ಒಂದು ಚಿಪ್ಪು ಬಾಳೆಹಣ್ಣು

ಆ ದಿನವನ್ನು ನೆನೆದರೆ ಈಗಲೂ ಎಲ್ಲವೂ ಕೆರೆಯ ನೀರಿನಡಿಯಲ್ಲಿ ಕಂಡ ಹಾಗೆ ಕಾಣುತ್ತದೆ. ಮಳೆಗಾಲ ಮುಗಿದು ಎಳೆಬಿಸಿಲು ಬಂದಿತ್ತು. ಕಾಪುವಿನ ನಮ್ಮ ಮನೆಯಂಗಳದಲ್ಲಿ ನಿಂತರೆ ಕಡಲು ಕಾಣುವುದಿಲ್ಲ. ಅದರ ಸದ್ದು ಮಾತ್ರ ತೆಂಗಿನ ತೋಟ ದಾಟಿ ಬಂದು ಕಿವಿಯೊಳಗೆ ಕೂತಿರುತ್ತದೆ. ಅವತ್ತು ಆ ಸದ್ದು ಉಡುಪಿಯವರೆಗೂ ನನ್ನ ಜೊತೆ ಬಂದಿತ್ತೆಂದೇ ನನ್ನ ನೆನಪು.

ತಂಗಿ ಬಿ.ಕಾಂ. ಪಾಸಾಗಿದ್ದಳು. ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆಯಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ನಾನು ಏಳನೆಯದರಲ್ಲಿ ಶಾಲೆ ಬಿಟ್ಟು ಕೆಂಪುಕಲ್ಲು ಕಟ್ಟುವ ಕೆಲಸಕ್ಕೆ ಹೋದವನು. ಅದರಲ್ಲಿ ನನಗೆ ನಾಚಿಕೆ ಇಲ್ಲ. ಮಣಿಪಾಲದ ಗುಡ್ಡದ ಮೇಲೆ ಆಗ ಒಂದರ ಹಿಂದೆ ಒಂದು ಕಟ್ಟಡ ಏಳುತ್ತಿತ್ತು. ಅವುಗಳಲ್ಲಿ ಎಷ್ಟೋ ಗೋಡೆಗಳು ನನ್ನ ಕೈಯವು, ಇವತ್ತಿಗೂ ತೂಗುಗುಂಡು ಬಿಟ್ಟು ನೋಡಬಹುದು, ಕೂದಲಷ್ಟೂ ಓರೆಯಿಲ್ಲ. ಮದುವೆಗೆ ಮೊದಲೇ ಜನ ನನ್ನನ್ನು ಮೇಸ್ತ್ರಿ ಎಂದು ಕರೆಯುತ್ತಿದ್ದರು.

ತಂಗಿಗೆ ಬೊಂಬಾಯಿಯಿಂದ ಒಂದು ಸಂಬಂಧ ಬಂದಿತ್ತು. ಅವಳಿಗೆ ಮನಸ್ಸಿರಲಿಲ್ಲ. ದೀಪಾವಳಿಯ ಒಳಗೆ ಕೆಲಸ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಬೊಂಬಾಯಿ ಎಂದು ಅಮ್ಮ ತೀರ್ಮಾನ ಮಾಡಿಯಾಗಿತ್ತು. ಅಷ್ಟರಲ್ಲಿ ಉಡುಪಿಯ ಒಬ್ಬ ಆಡಿಟರ ಆಫೀಸಿನಿಂದ ಇಂಟರ್‌ವ್ಯೂಗೆ ಕರೆ ಬಂತು. ಹೆಣ್ಣುಮಗಳನ್ನು ಒಬ್ಬಳನ್ನೇ ಕಳಿಸುವುದು ಹೇಗೆ? ಒಂದು ದಿನದ ಕೆಲಸ ಬಿಟ್ಟು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಿತ್ತಿಲಿನ ಕದಳಿಯ ಒಂದು ಚಿಪ್ಪನ್ನು ಪೇಪರಿನಲ್ಲಿ ಸುತ್ತಿಕೊಂಡು ನಾನೂ ಹೊರಟೆ.

"ಅದು ಎಂತ ಅಣ್ಣ ಕೈಯಲ್ಲಿ?" ಬಸ್ಸಿನಲ್ಲಿ ತಂಗಿ ಕೇಳಿದಳು.

"ಬಾಳೆಹಣ್ಣು. ದೊಡ್ಡವರಲ್ಲಿಗೆ ಬರಿಗೈಯಲ್ಲಿ ಹೋಗುವುದಾ?"

"ಹೋಗುವುದು ನೆಂಟರ ಮನೆಗಲ್ಲ ಮಾರಾಯ."

ನಾನು ಕಟ್ಟನ್ನು ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡೆ. ಅವಳು ಕಣ್ಣು ಮುಚ್ಚಿ ಏನನ್ನೋ ಬಾಯಿಪಾಠ ಮಾಡುತ್ತಿದ್ದಳು, ತುಟಿ ಮಾತ್ರ ಅಲ್ಲಾಡುತ್ತಿತ್ತು. ಉದ್ಯಾವರದ ಸೇತುವೆ ಬಂದಾಗ ಹೊಳೆಯ ಬೆಳಕು ಕಿಟಕಿಯಿಂದ ಒಳನುಗ್ಗಿ ಅವಳ ಮುಖದ ಮೇಲೆ ಓಡಾಡಿತು. ನಾನು ಎತ್ತಿಕೊಂಡು ತಿರುಗಿದ ಮಗು ಇವಳೇ ಹೌದಾ ಎಂದು ಒಮ್ಮೆ ಅನುಮಾನವಾಯಿತು.

ಆಫೀಸು ಒಂದು ಹಂಚಿನ ಕಟ್ಟಡದ ಮಹಡಿಯಲ್ಲಿ. ಮರದ ಮೆಟ್ಟಿಲು. ಹೊರಗೆ ಒಂದು ಬೆಂಚು, ಒಳಬಾಗಿಲ ಪಕ್ಕದಲ್ಲಿ ಟೈಪ್ ಮಾಡುವ ಒಬ್ಬ ಹೆಂಗಸು. ಕರೆದಾಗ ನಾವಿಬ್ಬರೂ ಒಳಗೆ ಹೋದೆವು. ವಯಸ್ಸಾದ ಆಡಿಟರು ಕನ್ನಡಕವನ್ನು ಹಣೆಗೇರಿಸಿ, "ಕೂತುಕೊಳ್ಳಿ" ಎಂದರು. ಮೇಜಿನ ಎದುರು ಇದ್ದದ್ದು ಒಂದೇ ಕುರ್ಚಿ. ಹಿರಿಯ ನಾನು, ಕೂತೆ. ತಂಗಿ ನನ್ನ ಬೆನ್ನ ಹಿಂದೆ ನಿಂತಳು.

"ಬಿ.ಕಾಂ. ಯಾವ ಕ್ಲಾಸು?" ಅವರು ನನ್ನನ್ನೇ ಕೇಳಿದರು.

"ನನ್ನದಲ್ಲ, ಇವಳದ್ದು. ಫಸ್ಟ್ ಕ್ಲಾಸ್. ನಾನು ಅಣ್ಣ. ತಂದೆ ಇಲ್ಲ."

ಅಲ್ಲಿಂದ ಮುಂದೆ ನನ್ನ ಬಾಯಿ ತನ್ನಷ್ಟಕ್ಕೇ ಹೋಯಿತು. ಅಲ್ಲಿಯವರೆಗೆ ನಾನು ತಂಗಿಯ ಪರವಾಗಿ ಮಾತಾಡಿದ್ದು ಹೆಣ್ಣು ನೋಡಲು ಬಂದವರ ಹತ್ತಿರ ಮಾತ್ರ. ಬೇರೆ ಮಾತು ನನಗೆ ಗೊತ್ತೂ ಇರಲಿಲ್ಲ. "ನಮ್ಮದು ಕಾಪು. ಸ್ವಂತ ಮನೆ, ಬಾವಿ ಉಂಟು, ಬೇಸಗೆಯಲ್ಲೂ ನೀರು ಆರುವುದಿಲ್ಲ. ತಾಯಿಯ ಕಡೆಯವರು ಎಲ್ಲೂರಿನವರು, ಮರ್ಯಾದಸ್ತರು. ಹುಡುಗಿ ತುಂಬಾ ಶಾಂತ. ಅಡಿಗೆ ಎಲ್ಲ ಬರುತ್ತದೆ."

ಟೈಪಿನ ಸದ್ದು ನಿಂತಿತು. ಆಡಿಟರು ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿದರು.

"ನನಗೆ ಇರುವುದು ಹೆಣ್ಣುಮಕ್ಕಳು ಮಾರಾಯ್ರೆ, ಮದುವೆಗೆ ಗಂಡುಮಗ ಇಲ್ಲ. ನನಗೆ ಬೇಕಾದದ್ದು ಬ್ಯಾಲೆನ್ಸ್ ಶೀಟು ಗೊತ್ತಿರುವವರು."

ಹೊರಗಿನ ಹೆಂಗಸು ನಕ್ಕದ್ದು ಕೇಳಿಸಿತು. ನನಗೆ ಕಿವಿ ಬಿಸಿಯಾಯಿತು. ಏನು ಮಾಡುವುದೆಂದು ತಿಳಿಯದೆ ಬಾಳೆಹಣ್ಣನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ಎರಡು ಬೆರಳಿನಿಂದ ನನ್ನ ಕಡೆಗೇ ಸರಿಸಿದರು.

"ಬೇಸರ ಮಾಡಬೇಡಿ. ಆಡಿಟಿನವರು ಯಾರ ಹಣ್ಣನ್ನೂ ತಿನ್ನಬಾರದು."

ಕೊಟ್ಟದ್ದು ತಿರುಗಿ ಬಂದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ನಾನು ಎದ್ದು ನಿಂತೆ. "ಬಾ, ಹೋಗುವ" ಎಂದೆ ತಂಗಿಗೆ.

ಅವಳು ಕದಲಲಿಲ್ಲ. ನಾನು ಆ ಬಾಗಿಲು ದಾಟಿಸಿದರೆ ಅವಳಿಗೆ ಮುಂದಿದ್ದದ್ದು ಬೊಂಬಾಯಿಯ ಬಸ್ಸು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಅಣ್ಣ," ಎಂದಳು ಮೆಲ್ಲಗೆ ತುಳುವಿನಲ್ಲಿ, "ನೀನು ಹೊರಗೆ ಕೂತುಕೋ. ಆ ಕುರ್ಚಿ ನನ್ನದು."

ನಾನು ಹೊರಗೆ ಹೋಗಿ ಬೆಂಚಿನ ಮೇಲೆ ಕೂತೆ. ಒಂದು ಮಾತಿನಿಂದ ಕೆಲಸದವರನ್ನು ಸಾಲಾಗಿ ನಿಲ್ಲಿಸುತ್ತಿದ್ದವನು, ಯಾಕೆ ಕೂತೆನೋ ಗೊತ್ತಿಲ್ಲ. ಬಾಗಿಲು ಅರ್ಧ ತೆರೆದೇ ಇತ್ತು.

"ಕಾರ್ಕಳದಲ್ಲಿ ಒಂದು ಗೇರುಬೀಜದ ಫ್ಯಾಕ್ಟರಿಯ ಆಡಿಟ್ ಉಂಟು. ಅವರು ಮನೆಗೆಂದು ಗೋಡಂಬಿ ಕಟ್ಟಿಕೊಟ್ಟರೆ ಎಂತ ಮಾಡುತ್ತೀರಿ?" ಆಡಿಟರು ಕೇಳುತ್ತಿದ್ದರು.

"ಬೇಡ ಅನ್ನುತ್ತೇನೆ ಸರ್."

"ನಿಮ್ಮ ಅಣ್ಣನ ಹಾಗೆ ಅವರಿಗೂ ಕೋಪ ಬಂದರೆ?"

"ಕೋಪದವರ ಮನೆಯಲ್ಲೇ ಬೆಳೆದವಳು ನಾನು. ಅಭ್ಯಾಸ ಉಂಟು."

ಈ ಸಲ ಟೈಪಿನ ಹೆಂಗಸು ನನ್ನ ಮುಖ ನೋಡಿಯೇ ನಕ್ಕಳು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಷ್ಟರಲ್ಲಿ ಒಳಗೆ ಇಂಗ್ಲಿಷು ಶುರುವಾಯಿತು. ತಂಗಿ ಇಂಗ್ಲಿಷು ಮಾತಾಡುವುದನ್ನು ನಾನು ಕೇಳಿದ್ದು ಅದೇ ಮೊದಲು. ಒಂದು ಪದವೂ ತಿಳಿಯಲಿಲ್ಲ. ಪ್ರಶ್ನೆ ಬರುತ್ತಿತ್ತು, ಆಮೇಲೆ ಅವಳ ದನಿ. ಟೈಪಿನ ಸದ್ದು ದೂರದಲ್ಲೆಲ್ಲೋ ಕಲ್ಲು ಕೆತ್ತಿದ ಹಾಗೆ. ಫ್ಯಾನಿನ ಗಾಳಿ, ಮಧ್ಯಾಹ್ನದ ಬಿಸಿಲು, ಮಡಿಲಲ್ಲಿ ಹಣ್ಣಿನ ಪರಿಮಳ. ನನ್ನ ಕಣ್ಣು ಎಳೆಯತೊಡಗಿತು. ಯಾರೋ ನನಗೆ ಗೊತ್ತಿಲ್ಲದ ಭಾಷೆಯಲ್ಲಿ ಒಂದು ಮನೆ ಕಟ್ಟುತ್ತಿದ್ದರು, ಕಲ್ಲಿನ ಮೇಲೆ ಕಲ್ಲು ಬರುತ್ತಿತ್ತು, ನಾನು ಕೈಕಟ್ಟಿ ನೋಡುತ್ತಿದ್ದೆ. ಅದು ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ.

"ಏಳು ಅಣ್ಣ, ಹೋಗುವ."

ತಂಗಿ ಎದುರಿಗೆ ನಿಂತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈಯಿಂದ ಪೇಪರಿನ ಕಟ್ಟು ತೆಗೆದುಕೊಂಡು, ಒಂದು ಹಣ್ಣು ಸುಲಿದು ಬಾಯಿಗಿಟ್ಟು, "ಸೋಮವಾರದಿಂದ" ಎಂದಳು. "ಮೊದಲು ಕಾರ್ಕಳ. ಬೆಳಿಗ್ಗೆ ಹೋಗಿ ಸಂಜೆ ಬರುವುದು. ಹೆಣ್ಣುಮಕ್ಕಳನ್ನು ಹೊರಗಿನ ಆಡಿಟಿಗೆ ಇದುವರೆಗೆ ಕಳಿಸಿಲ್ಲವಂತೆ. ಅಣ್ಣನನ್ನು ಕರೆದು ಕೇಳಬೇಕಾ ಅಂದರು. ಬೇಡ ಸರ್, ಅಣ್ಣ ಒಪ್ಪಿದ್ದಾರೆ ಅಂದೆ."

"ನಾನು ಯಾವಾಗ ಒಪ್ಪಿದೆ ಮಾರಾಯ್ತಿ?"

"ಹೊರಗೆ ಹೋಗಿ ಕೂತೆಯಲ್ಲ, ಆಗ."

ಕಾಪುವಿನ ಬಸ್ಸು ಬಂತು. ಅಮ್ಮನಿಗೆ ವಿಷಯ ಹೇಳಿದ್ದು ನಾನೇ, ಬೊಂಬಾಯಿಯವರಿಗೆ ಉತ್ತರ ಬರೆಸಿದ್ದೂ ನಾನೇ.

ಸೋಮವಾರ ನಾನು ಮಣಿಪಾಲದಲ್ಲಿ ಅಟ್ಟಣಿಗೆಯ ಮೇಲಿದ್ದೆ. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸು ಆ ಏರು ಹತ್ತಿಯೇ ಹೋಗಬೇಕು. ಬೆಳಗಿನ ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಕೆಳಗೆ ಒಂದು ಬಸ್ಸು ಏದುಸಿರು ಬಿಡುತ್ತಾ ಬಂದು, ನಿಂತು, ಪರ್ಕಳದ ಕಡೆಗೆ ಇಳಿಯಿತು. ಅವಳು ಯಾವ ಕಿಟಕಿಯಲ್ಲಿದ್ದಳೋ, ಅದೇ ಬಸ್ಸಿನಲ್ಲಿದ್ದಳೋ ಇಲ್ಲವೋ, ಅಷ್ಟು ಎತ್ತರದಿಂದ ಕಾಣುವ ಹಾಗಿರಲಿಲ್ಲ. ನಾನು ಗಾರೆ ಮೆತ್ತುವ ಕರಣಿ ಹಿಡಿದುಕೊಂಡೇ, ರಸ್ತೆ ಖಾಲಿಯಾಗುವವರೆಗೆ ನಿಂತಿದ್ದೆ.