ಡಾಕ್ಟರಮ್ಮನ ಕಾರಿಗೆ ಮೂರು ಸ್ಪೀಕರು

ಹೋದ ವಾರ ಆದೋನಿಯ ಗುಜರಿ ಅಂಗಡಿಯಲ್ಲಿ ಹಳೆಯ ಸ್ಪೀಕರೊಂದನ್ನು ಕೈಗೆತ್ತಿಕೊಂಡೆ. ಅಂಚು ಹರಿದ ಕಾಗದದ ಕೋನು. ಮೂಗಿನ ಹತ್ತಿರ ತಂದರೆ ಒಣ ಕಾಗದ, ಅಂಟು, ಬಿಸಿಲಿಗೆ ಕಾದ ಧೂಳು… ಐವತ್ತರ ದಶಕದ ಒಂದು ಬೇಸಿಗೆಯಲ್ಲಿ ರೇಡಿಯೊ ಬಿಚ್ಚಲು ಡಾಕ್ಟರಮ್ಮನ ಕಾರಿನೊಳಗೆ ತಲೆ ತೂರಿಸಿ ಮಲಗಿದ್ದಾಗ ಬಂದ ವಾಸನೆಯೇ ಅದು.

ಆಗ ಹತ್ತಿ ಮಾರುಕಟ್ಟೆಯ ಹತ್ತಿರ ನನ್ನದೊಂದು ರೇಡಿಯೊ ರಿಪೇರಿ ಅಂಗಡಿ ಇತ್ತು. ಊರಲ್ಲಿ ಕಾರುಗಳೇ ಬೆರಳೆಣಿಕೆ. ರೇಡಿಯೊ ಇದ್ದ ಕಾರು ನಾನು ಕಂಡಂತೆ ಅವರದೊಂದೇ, ಅದೂ ಯಾರಿಂದಲೋ ಕೊಂಡ ಹಳೆಯದು. ತಾವೇ ಓಡಿಸಿಕೊಂಡು ದೇವನಕೊಂಡ, ಹಾಲಹರವಿ ಕಡೆಯ ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಹೋಗುತ್ತಿದ್ದರು. ವಯಸ್ಸು ಐವತ್ತರ ಹತ್ತಿರ, ಮದುವೆಯಾಗಿರಲಿಲ್ಲ, ಮನೆಯಲ್ಲಿ ಅವರೊಬ್ಬರೇ. ಎಷ್ಟೋ ಮನೆಗಳ ಮಕ್ಕಳು ಅವರ ಕೈಯಲ್ಲಿ ಹುಟ್ಟಿದ್ದರು. ಹಬ್ಬದ ದಿನ ಅವರನ್ನು ಊಟಕ್ಕೆ ಕರೆದವರನ್ನು ಮಾತ್ರ ನಾನು ಕಾಣೆ. ನಾನೂ ಕರೆದಿರಲಿಲ್ಲ.

"ತಮ್ಮಾ, ಸ್ಪೀಕರು ಹೋಗೈತಿ," ಎಂದರು ಒಂದು ದಿನ. "ವಾರ್ತಿ ಓದೋರು ಕೌದಿ ಹೊದ್ದು ಮಾತಾಡಿದಂಗ ಕೇಳ್ತೈತಿ. ಹಾಡು ಹೆಂಗಾರ ಇರಲಿ, ನನಗ ಮಾತು ಬೇಕು. ದಾರ್ಯಾಗ ನನ್ನ ಕೂಡ ಮಾತಾಡಾಕ ಮತ್ಯಾರದಾರ?"

ಕೋನು ನಿಜಕ್ಕೂ ಬಿರಿದಿತ್ತು. ಅದೇ ಅಳತೆಯ ಹೊಸದನ್ನು ಹಾಕಿದೆ. ಎಂಟು ದಿನಕ್ಕೆ ತಿರುಗಿ ಬಂದರು. "ಹಂಗೇ ಐತಿ." ಮನೆಯ ರೇಡಿಯೊ ಒಂದರಿಂದ ಬಿಚ್ಚಿದ ದೊಡ್ಡ ಸ್ಪೀಕರನ್ನು ಹಲಗೆ ಕೊರೆದು ಕೂರಿಸಿದೆ. ದನಿ ಗುಂ ಎನ್ನುತ್ತದೆ, ಮಾತು ಇನ್ನೂ ಮಸುಕಾಯಿತು ಎಂದರು. ಮೂರನೆಯದನ್ನು ಬಳ್ಳಾರಿಯಿಂದ ತರಿಸಿದೆ. ಗಟ್ಟಿ ಕಾಗದ, ಚೂಪು ದನಿ. ಹಚ್ಚಿದ ಕೂಡಲೇ ವಾರ್ತೆಯ ಒಂದೊಂದು ಅಕ್ಷರವೂ ಬೀದಿಯ ಆಚೆ ಬದಿಗೆ ಕೇಳಿತು. ಡಾಕ್ಟರಮ್ಮ ಸೀಟಿನಲ್ಲಿ ಕುಳಿತು ತಲೆ ವಾಲಿಸಿದರು.

"ಇದೂ ಅಷ್ಟೇ ತಮ್ಮಾ…"

ಅಷ್ಟರಲ್ಲಿ ಹತ್ತಿ ಹೇರಿಕೊಂಡು ಬಂದ ಬಂಡಿಯವನು ಕಾರು ಸರಿಸಿ ಎಂದು ಹಿಂದಿನಿಂದ ಕೂಗಿದ. "ಅಮ್ಮಾ, ಕೊಂಚೆಂ ಜರಗಂಡಿ!" ಎರಡು ಸಲ ಕೂಗಿದ. ಅವರು ತಿರುಗಲಿಲ್ಲ. ಆಗ ನನಗೆ ಅರ್ಥವಾಯಿತು. ರೇಡಿಯೊ ಆರಿಸಿ ಅವರ ಕಿಟಕಿಯ ಹತ್ತಿರ ಬಗ್ಗಿದೆ.

"ಅಮ್ಮಾ, ಮೂರೂ ಸ್ಪೀಕರು ಚಲೋ ಅದಾವ್ರಿ," ಎಂದಷ್ಟೇ ಹೇಳಿದೆ.

ಅವರು ನನ್ನ ತುಟಿಯಿಂದ ಕಣ್ಣು ತೆಗೆದು ರಸ್ತೆ ನೋಡಿದರು.

"ಮೊನ್ನೆ ಒಂದು ಹಳ್ಳ್ಯಾಗ ಬಸುರಿ ಹೊಟ್ಟಿ ಮ್ಯಾಲೆ ಕೊಳವಿ ಇಟ್ಟು ಕೇಳಿದೆ. ಕೂಸಿನ ಎದಿ ಬಡಿತ ಕೇಳಲಿಲ್ಲ. ಕೂಸು ಹೋಗೈತಿ ಅಂತ ಆಕಿ ಅವ್ವಗ ಹೇಳಿಬಿಟ್ಟೆ. ತಾಸಿನ ಮ್ಯಾಲೆ ಕೂಸು ಹುಟ್ಟಿ ಅತ್ತತು. ದೇವರು ದೊಡ್ಡಾವ ಅಂದ್ರು ಎಲ್ಲಾರೂ. ನಾನು ಹೌದೌದು ಅಂದೆ." ಸ್ಟೇರಿಂಗಿನ ಮೇಲೆ ಬೆರಳಾಡಿಸಿದರು. "ಬರೇ ಸ್ಪೀಕರು ಕೆಟ್ಟಿದ್ರ ಸಾಕಿತ್ತು, ತಮ್ಮಾ."

ಆಮೇಲೆ ನನ್ನನ್ನು ಕಾರಿನ ಹಿಂದೆ ನಿಲ್ಲಿಸಿದರು. ಕರೆಯಬೇಕು, ಕೇಳಿದರೆ ಕೈ ಎತ್ತುತ್ತೇನೆ ಎಂದರು. ಮಾಮೂಲಿ ದನಿಯಲ್ಲಿ ಕರೆದೆ. ಕೈ ಏಳಲಿಲ್ಲ. ಜೋರಾಗಿ ಕರೆದೆ. ಇಲ್ಲ. ಮೂರನೇ ಸಲ ಬೀದಿಯವರೆಲ್ಲ ತಿರುಗಿ ನೋಡುವಂತೆ ಕೂಗಿದಾಗ ಕೈ ಮೇಲೆ ಬಂತು.

"ಎಷ್ಟನೇದು?" ನಾನು ಕಿಟಕಿಯ ಹತ್ತಿರ ಬಂದ ಮೇಲೆ ಕೇಳಿದರು.

"ಮೊದಲನೇದ್ರಿ ಅಮ್ಮಾ."

ನಕ್ಕರು. ಮುಂದಿನ ಕನ್ನಡಿಯನ್ನು ತೋರಿಸಿದರು. "ಇದರಾಗ ನಿನ್ನ ಬಾಯಿ ಕಾಣತಿತ್ತು. ಮೂರು ಸಲ ತೆಗದಿ."

ಮರುದಿನದಿಂದ ಹೆರಿಗೆ ಮಾಡಿಸುವುದನ್ನು ಬಿಟ್ಟರು. ಕರೆಯಲು ಬಂದವರಿಗೆ ತಮ್ಮ ಕಿವಿ ಕೇಳುವುದಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಕಷ್ಟದ ಹೆರಿಗೆಯಾದರೆ ಬಸುರಿಯನ್ನು ತಾವೇ ಕಾರಿನಲ್ಲಿ ಬಳ್ಳಾರಿಯ ಆಸ್ಪತ್ರೆಗೆ ಮುಟ್ಟಿಸಿ ಬರುತ್ತಿದ್ದರು. ಬರಬರುತ್ತಾ ಅವರನ್ನು ಕೇಳಿಕೊಂಡು ಬರುವವರೂ ನಿಂತರು. ನಾನು ಅವರ ಮನೆಯ ಮುಂದೆ ದಿನಕ್ಕೆರಡು ಸಲ ಹಾಯುತ್ತಿದ್ದೆ. ಜಗಲಿಯ ಮೇಲೆ ಕಂಡರೆ ದೂರದಿಂದಲೇ ಕೈ ಎತ್ತಿ ನಡೆದುಬಿಡುತ್ತಿದ್ದೆ. ನಿಂತರೆ ಕೂಗಬೇಕು, ಬೀದಿಯಲ್ಲಿ ಕೂಗಲು ನಾಚಿಕೆ… ಹೀಗೇ ಒಂದು ವರ್ಷ ಕಳೆಯಿತು.

ಕಾರು ಮಾರಿ ಒಡಹುಟ್ಟಿದ ತಮ್ಮನ ಊರಿಗೆ ಹೊರಟ ದಿನ ಅಂಗಡಿಗೆ ಬಂದರು. ನಾನು ಗಾಬರಿಯಲ್ಲಿ ಕಾಗದ, ಪೆನ್ಸಿಲು ಹುಡುಕತೊಡಗಿದೆ.

"ಅದ್ಯಾಕ? ಎದುರಿಗೆ ನಿಂತು ಸಾವಕಾಶ ಮಾತಾಡು. ನನಗ ಎಲ್ಲಾ ತಿಳೀತೈತಿ. ಯಾರೂ ಬಂದು ನಿಂದ್ರಲಿಲ್ಲ, ಅಷ್ಟೇ."

ಏನು ಮಾತಾಡಿದೆನೋ ನೆನಪಿಲ್ಲ. ಯಾವ ಊರಿಗೆ ಹೋಗುತ್ತೀರಿ ಎಂದು ಕೇಳಲಿಲ್ಲ ಎಂಬುದು ಮಾತ್ರ ನೆನಪಿದೆ. ಅವರು ತೀರಿಕೊಂಡು ಎಷ್ಟು ವರ್ಷವಾಯಿತೋ, ಹೇಳುವವರಿಲ್ಲ. ಈಗ ಕೇಳಬೇಕೆನಿಸುವ ಮಾತು ನೂರು ಇವೆ. ಆ ಇಡೀ ವರ್ಷ ಅವರು ಇದ್ದದ್ದು ನನ್ನ ಅಂಗಡಿಯಿಂದ ನಾಲ್ಕು ಮನೆ ಆಚೆ.