ಮೈಕಕ್ಕನ ಮೂರು ತಿಂಗಳು

ಬಸ್ ನಿಲ್ದಾಣದಲ್ಲಿ ನಮ್ಮಕ್ಕನನ್ನು ಎಲ್ಲರೂ ಮೈಕಕ್ಕ ಎಂದೇ ಕರೆಯುತ್ತಿದ್ದರು. ವಿಚಾರಣೆ ಕೌಂಟರಿನ ಹಿಂದೆ ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಂನಿಂದ ಹೊರಡುತ್ತದೆ ಎಂದು ಹತ್ತೊಂಬತ್ತು ವರ್ಷ ಹೇಳಿದವಳು ಅವಳು. ಮನೆಯಲ್ಲಿ ಇರುವವರು ನಾವಿಬ್ಬರೇ. ನಾನು ಬಟ್ಟೆ ಹೊಲಿಯುತ್ತೇನೆ. ಮನೆಗೆ ಬಂದರೆ ಅಕ್ಕನಿಗೆ ಮಾತೇ ಬೇಡ, ಉಪ್ಪು ಬೇಕಾದರೂ ಬೆರಳು ತೋರಿಸುವಳು. ಸಂಬಳ ತರುವ ಬಾಯನ್ನು ಪುಕ್ಕಟೆ ಸವೆಸುವುದಿಲ್ಲ ಎಂದು ನಾನು ಛೇಡಿಸುತ್ತಿದ್ದೆ. ಮೈಕಿನ ಮುಂದೆ ಕೂತಳೆಂದರೆ ಮಾತ್ರ ಆ ದನಿಗೆ ಬೇರೆಯೇ ಗತ್ತು. ಎದ್ದುಬಿದ್ದು ಓಡುತ್ತಿದ್ದವರೂ ನಿಂತು ಕೇಳುತ್ತಿದ್ದರು.

ಕಳೆದ ವರ್ಷ ಆ ದನಿ ದಪ್ಪವಾಗತೊಡಗಿತು. ಅದಕ್ಕೂ ಮೊದಲೇ ಮುಖ ಊದಿಕೊಂಡಿತ್ತು. ಸೆಖೆಯಲ್ಲೂ ಸ್ವೆಟರ್ ಹಾಕಿಕೊಳ್ಳುವಳು, ತಟ್ಟೆಯ ಮುಂದೆಯೇ ತೂಕಡಿಸುವಳು. ವಯಸ್ಸಾಯಿತು ಎಂದುಕೊಂಡು ಸುಮ್ಮನಿದ್ದೆ. ಆ ನನ್ನ ಬುದ್ಧಿಗೆ ಏನು ಹೇಳಬೇಕೋ ತಿಳಿಯದು. ಒಬ್ಬ ಪ್ರಯಾಣಿಕ ಬಂದು, ಕುಡಿದವರನ್ನು ಮೈಕಿಗೆ ಕೂರಿಸಿದ್ದೀರಾ ಎಂದು ಜಗಳ ತೆಗೆದ ಮೇಲೆ ನಾವು ಆಸ್ಪತ್ರೆಯ ಮೆಟ್ಟಿಲು ಹತ್ತಿದೆವು.

ಥೈರಾಯ್ಡ್ ಗ್ರಂಥಿ ಕೆಲಸ ಮಾಡುತ್ತಿಲ್ಲ, ಅದು ಕೊಡಬೇಕಾದ್ದನ್ನು ಇನ್ನು ಮಾತ್ರೆಯೇ ಕೊಡಬೇಕು, ಬದುಕಿರುವವರೆಗೂ ಕೊಡಬೇಕು ಎಂದರು ಡಾಕ್ಟರಮ್ಮ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಬರೀ ನೀರಿನ ಜೊತೆ. ಒಂದು ಗಂಟೆ ಏನೂ ತಿನ್ನಬಾರದು. ಎಷ್ಟು ಪ್ರಮಾಣ ಬೇಕೆಂದು ಒಂದೇ ಸಲಕ್ಕೆ ಗೊತ್ತಾಗುವುದಿಲ್ಲ, ಆರಾರು ವಾರಕ್ಕೆ ರಕ್ತ ನೋಡಿ ಹೆಚ್ಚುಕಡಿಮೆ ಮಾಡಬೇಕು, ತಾಳ್ಮೆ ಇರಲಿ ಎಂದರು. ದನಿ ಬರುತ್ತದೆಯೇ ಎಂದಷ್ಟೇ ಅಕ್ಕ ಕೇಳಿದ್ದು. ಸಾಮಾನ್ಯವಾಗಿ ಬರುತ್ತದೆ, ನಿಧಾನ ಎಂಬ ಉತ್ತರ ಬಂತು.

ನಿಲ್ದಾಣದಲ್ಲಿ ಅಷ್ಟು ನಿಧಾನ ಯಾರಿಗಿದೆ? ಸೂಪರ್‌ವೈಸರ್ ಕೆಟ್ಟವರೇನಲ್ಲ. ಮೂರು ತಿಂಗಳು ಸಮಯ ಕೊಟ್ಟು, ಅಲ್ಲಿಯವರೆಗೆ ಅಕ್ಕನನ್ನು ಕಳೆದುಹೋದ ಸಾಮಾನಿನ ಕೋಣೆಗೆ ಹಾಕಿದರು. ಮೂರನೇ ತಿಂಗಳ ಕೊನೆಗೆ ಎಲ್ಲರೆದುರು ಬಸ್ಸುಗಳ ಒಂದು ಪಟ್ಟಿ ಓದಿ ತೋರಿಸಬೇಕು, ಆಗದಿದ್ದರೆ ಮೈಕಿನಲ್ಲಿ ಹೇಳಲು ಯಂತ್ರ ಕೂರಿಸುತ್ತೇವೆ ಎಂದರು. ಅಕ್ಕ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿ, ಐದಕ್ಕೆ ಎದ್ದು ಮಾತ್ರೆ ನುಂಗಲು ಶುರುಮಾಡಿದಳು.

ಅಕ್ಕನಿಗೆ ಕೆಲಸ ಕಲಿಸಿದ ಹಿರಿಯಾಕೆ ಒಬ್ಬರಿದ್ದರು. ದಿನದ ಮೊದಲ ಮಾತು ಆಡುವ ಮುಂಚೆ ಒಂದು ದೊಡ್ಡ ಲೋಟ ಬಿಸಿ ಹಾಲು ಇಳಿಯಬೇಕು, ಇಲ್ಲದಿದ್ದರೆ ಗಂಟಲು ಕೈಕೊಡುತ್ತದೆ ಎಂದು ಅವರು ಹೇಳಿಕೊಟ್ಟಿದ್ದರು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಅದು ತಪ್ಪಿರಲಿಲ್ಲ. ಈಗ ದನಿಯೇ ಹೋಗುತ್ತಿರುವಾಗ ಬಿಡುವುದುಂಟೇ? ಮಾತ್ರೆ ನುಂಗಿ ಹತ್ತು ನಿಮಿಷಕ್ಕೆ ಹಾಲು. ತಿಂಡಿ ಮುಟ್ಟಲಿಲ್ಲ, ಕಾಫಿ ಮುಟ್ಟಲಿಲ್ಲ, ಗಡಿಯಾರ ನೋಡಿಕೊಂಡು ಒಂದು ಗಂಟೆ ಕಾದಳು. ಹಾಲು ಹೊಟ್ಟೆಯ ಲೆಕ್ಕದ್ದಲ್ಲ, ಗಂಟಲಿನ ಲೆಕ್ಕದ್ದು ಎಂಬುದರಲ್ಲಿ ನಮ್ಮಿಬ್ಬರಿಗೂ ಅನುಮಾನವೇ ಇರಲಿಲ್ಲ. ಕಾಯಿಸಿ ಕೊಡುತ್ತಿದ್ದವಳು ನಾನು.

ಆರು ವಾರದ ರಕ್ತಪರೀಕ್ಷೆಯಲ್ಲಿ ಏನೂ ಬದಲಾಗಿರಲಿಲ್ಲ. ಡಾಕ್ಟರಮ್ಮ ಮಾತ್ರೆಯ ಪ್ರಮಾಣ ಏರಿಸಿದರು. ಅಕ್ಕ ಕಳೆದ ಸಾಮಾನುಗಳ ನಡುವೆ, ವಾರಸುದಾರರಿಲ್ಲದ ಕೊಡೆ, ಚೀಲ, ಒಂಟಿ ಚಪ್ಪಲಿಗಳ ನಡುವೆ ಕೂತು ದಿನವಿಡೀ ಪ್ಲಾಟ್‌ಫಾರಂ ಸಂಖ್ಯೆಗಳನ್ನು ತನ್ನಷ್ಟಕ್ಕೆ ಓದಿಕೊಳ್ಳುತ್ತಿದ್ದಳಂತೆ. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗುವಳು. ಒಂದು ಸಂಜೆ, "ಎಲ್ರಿಗೂ ಹಿಡಿಯೋ ಮಾತ್ರೆ ನಂಗೆ ಯಾಕೆ ಹಿಡೀತಿಲ್ಲ? ನನ್ನ ಮೈಯೇ ನಂಗೆ ಬೇಡ ಅನ್ಸಿದೆ ಕಣೆ" ಎಂದಳು. ಎಲ್ಲ ಸರಿಹೋಗುತ್ತೆ, ತಾಳ್ಮೆ ತಗೋ ಎಂದೆ. ಆ ಮಾತು ಹೇಳುವುದು ಎಷ್ಟು ಸುಲಭ ಎಂದು ನೆನೆದರೆ ಈಗ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಎನ್ನಿಸುತ್ತದೆ.

ಎರಡನೇ ಪರೀಕ್ಷೆಗೆ ಹೋದಾಗ ಗುರುತು ಹಾಕಿದ ದಿನಕ್ಕೆ ಐದೇ ದಿನ ಉಳಿದಿತ್ತು. ರಕ್ತದ ಫಲಿತಾಂಶ ಸ್ವಲ್ಪವೇ ಸುಧಾರಿಸಿತ್ತು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ, "ಬೆಳಿಗ್ಗೆ ಎದ್ದಾಗಿಂದ ಏನೇನು ಮಾಡ್ತೀರಿ, ಒಂದೊಂದೇ ಹೇಳಿ" ಎಂದರು. ಅಕ್ಕ ಒಂದೊಂದೇ ಹೇಳಿದಳು. ಹಾಲಿನ ಮಾತು ಬಂದಾಗ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಹಾಲು ಮಾತ್ರೆಯನ್ನು ಮೈಗೆ ಸೇರಲು ಬಿಡುವುದಿಲ್ಲ ಎಂದು ಅವರು ವಿವರಿಸುವಾಗ ಬೈಯಲೂ ಇಲ್ಲ. ನಾಳೆಯಿಂದ ಹಾಲು ನಾಲ್ಕು ಗಂಟೆ ಬಿಟ್ಟು ಕುಡಿಯಿರಿ, ಇನ್ನೊಂದು ಆರು ವಾರ ನೋಡೋಣ ಎಂದರು. ಮನೆಗೆ ಬಂದವಳೇ ಅಕ್ಕ ಹಾಲಿನ ಲೋಟವನ್ನು ತಾನೇ ತೊಳೆದು ಅಟ್ಟದ ಮೇಲಿಟ್ಟಳು. ನನ್ನನ್ನು ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಆರು ವಾರ ಕೊಡಿ ಎಂದು ಅಕ್ಕ ಸೂಪರ್‌ವೈಸರ್ ಮುಂದೆ ಕೈಮುಗಿದಳು. ಮೇಲಿನಿಂದ ಪತ್ರ ಬಂದಾಗಿದೆ ಎಂದರು. ಐದನೇ ದಿನ ಪಟ್ಟಿ ಓದಿದಳು. ಮೊದಲ ಸಾಲು ಹೇಗೋ ದಾಟಿತು, ಎರಡನೆಯದರಲ್ಲಿ ದನಿ ಒಡೆಯಿತು. ಮರುವಾರವೇ ಯಂತ್ರ ಬಂತು. ಎಂಟು ವರ್ಷದ ಹಿಂದೆ ರಜಾದಿನಗಳಿಗೆ ಇರಲಿ ಎಂದು ಊರುಗಳ ಹೆಸರು, ಸಂಖ್ಯೆ, ಸಮಯ ಎಲ್ಲವನ್ನೂ ಅಕ್ಕನಿಂದಲೇ ಹೇಳಿಸಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದರು. ಅದನ್ನೇ ತುಂಡು ತುಂಡಾಗಿ ಜೋಡಿಸಿ ಯಂತ್ರಕ್ಕೆ ತುಂಬಿದರು. ಅಕ್ಕ ಸಾಮಾನಿನ ಕೋಣೆಯಲ್ಲೇ ಉಳಿದಳು, ಅವಳ ದನಿ ಗಾಜಿನ ಕೋಣೆಗೆ ವಾಪಸ್ಸು ಹೋಯಿತು.

ಆಮೇಲೆ ಮಾತ್ರೆ ಹಿಡಿಯಿತು. ಮುಖದ ಊತ ಇಳಿಯಿತು, ಸ್ವೆಟರ್ ಪೆಟ್ಟಿಗೆ ಸೇರಿತು. ದನಿ ಮಾತ್ರ ಅರ್ಧ ದಾರಿಗೆ ಬಂದು ನಿಂತಿದೆ; ಇನ್ನೂ ಕಾಯಿರಿ ಎನ್ನುತ್ತಾರೆ ಡಾಕ್ಟರಮ್ಮ.

ಹೋದ ವಾರ ಅಕ್ಕ ಮರೆತ ಕನ್ನಡಕ ಕೊಡಲು ನಿಲ್ದಾಣಕ್ಕೆ ಹೋಗಿದ್ದೆ. ನಾಲ್ಕನೇ ಪ್ಲಾಟ್‌ಫಾರಂನಲ್ಲಿ ನೆಲ ಅಗೆದಿದ್ದರು. ಅಲ್ಲಿಂದ ಹೊರಡಬೇಕಿದ್ದ ಬಸ್ಸನ್ನು ಏಳರಲ್ಲಿ ನಿಲ್ಲಿಸಿದ್ದರು. ಯಂತ್ರಕ್ಕೆ ಅದೇನು ಗೊತ್ತು? ಅಕ್ಕನ ಆ ಹಳೆಯ ಗತ್ತಿನ ದನಿ ನಾಲ್ಕು, ನಾಲ್ಕು ಎನ್ನುತ್ತಲೇ ಇತ್ತು. ಅಕ್ಕ ಕೋಣೆಯಿಂದ ಹೊರಗೋಡಿ ಬಂದಳು. ಎರಡು ಚೀಲ ಹೊತ್ತು ಕುಂಟುತ್ತ ಹೋಗುತ್ತಿದ್ದ ಹೆಂಗಸನ್ನು ತಡೆದು, "ನಾಲ್ಕಲ್ಲ ರೀ, ಏಳು. ಏಳಕ್ಕೆ ಹೋಗಿ" ಎಂದು ಕೂಗಿದಳು. ಕೂಗು ಅರ್ಧಕ್ಕೇ ಬಿರಿಯಿತು.

ಆಕೆ ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, "ಮೈಕಲ್ಲಿ ನಾಲ್ಕು ಅಂತಿದ್ದಾರಲ್ಲಮ್ಮ" ಎಂದು ಹೇಳಿ ನಾಲ್ಕರ ಕಡೆಗೇ ನಡೆದಳು. ಬಸ್ಸು ಏಳರಿಂದ ಹೊರಟುಹೋಯಿತು.

ಅದು ನಿನ್ನದೇ ದನಿ ಎಂದು ಆಕೆಗೆ ಹೇಳಬಾರದಿತ್ತೇ ಎಂದು ನಾನು ಅಕ್ಕನ ಮೇಲೆ ರೇಗಿದೆ. ಅಕ್ಕ ಕನ್ನಡಕ ಈಸಿಕೊಂಡು ಸೆರಗಿನಿಂದ ಒರೆಸಿದಳು.

"ಹೇಳಿದ್ರೆ ಯಾರು ನಂಬ್ತಾರೆ?" ಎಂದಳು. "ನಾನಾಗಿದ್ರೂ ಮೈಕಿನ ಮಾತೇ ಕೇಳ್ತಿದ್ದೆ."