ಕುರ್ಚಿಗೆ ತೊಡಿಸಿದ ಕೋಟು

ಮೇಜುಗಳನ್ನು ಬಾಡಿಗೆಗೆ ಕೊಡುವ ಆ ಕಚೇರಿಯಲ್ಲಿ ಕಸ ಗುಡಿಸುವ ಅಕ್ಕ ಯಾರ ಮಾತನ್ನೂ ಸುಲಭಕ್ಕೆ ನಂಬುವ ಪೈಕಿ ಅಲ್ಲ. ಅರವತ್ತು ಮೇಜೂ ಭರ್ತಿ ಎಂದು ಮ್ಯಾನೇಜರ್ ಬಂದವರಿಗೆಲ್ಲ ಹೇಳುತ್ತಾನೆ. ಅವಳು ತೊಳೆಯುವ ಲೋಟಗಳು ಮಾತ್ರ ಹದಿನೆಂಟು ದಾಟುವುದಿಲ್ಲ. ಉಳಿದ ಕುರ್ಚಿಗಳ ಬೆನ್ನಿಗೆ ಬರೀ ಕೋಟುಗಳಿವೆ.

“ಇವರೆಲ್ಲ ಎಲ್ಲಿ ಸಾರ್?”

“ಊಟಕ್ಕೆ ಹೋಗಿದಾರೆ.”

“ಆರು ತಿಂಗಳಿಂದ ಊಟಾನಾ? ಕೋಟಿನ ಮೇಲೆ ಬೆರಳಲ್ಲಿ ಬರೆಯೋವಷ್ಟು ಧೂಳಿದೆ!”

ಸಿಟ್ಟಿನಿಂದ ಕಿಟಕಿ ಪಕ್ಕದ ಕೋಟನ್ನು ಕೊಡವಿದವಳ ಕೈ ಅಲ್ಲೇ ನಿಂತಿತು. ಎರಡನೆಯ ಗುಂಡಿಗೆ ಹಸಿರು ದಾರ, ಅವಳದೇ ಹೊಲಿಗೆ. ಅದೇ ಕಟ್ಟಡದ ಕಾವಲುಗಾರನಾದ ಅವಳ ಗಂಡ, ಆ ಕೋಟು ಬಸ್ಸಿನಲ್ಲಿ ಕಳೆದುಹೋಯಿತೆಂದು ಆಣೆ ಮಾಡಿ ಹೇಳಿದ್ದ.

“ಸರಿ ಸಾರ್,” ಎಂದಳು. “ಈ ಮೇಜಿನವರು ಊಟಕ್ಕೆ ನಮ್ಮನೆಗೇ ಬರ್ತಾರೆ. ನಾನೇ ವಿಚಾರಿಸ್ಕೋತೀನಿ.”